ಆಯಿ ಕೇಳಿದ ಪ್ರಶ್ನೆ

ಬಹಳ ದಿನಗಳಾದವು ಈ ಕಡೆ ತಲೆ ಹಾಕಿ. "ಏನಪ್ಪಾ, ಬ್ಲಾಗಿಗೆ ಬೀಗ ಜಡಿದೆಯಾ?" ಅಂತ ಇಬ್ಬರು ಮೇಲ್ ಮಾಡಿ ಕೇಳಿದರು. ಬೀಗ ಏನೂ ಹಾಕಿಲ್ಲ. ಬರೆಯಲು ಕೂತಾಗಲೆಲ್ಲ ಒಂದೇ ವಿಷಯ ಬಂದು ಎದುರಿಗೆ ನಿಲ್ಲುತ್ತಿತ್ತು, ಅದನ್ನು ಬರೆಯುವ ಧೈರ್ಯ ಇರಲಿಲ್ಲ. ಬೇರೆ ಏನಾದರೂ ಬರೆಯೋಣ ಅಂದರೆ ಅದು ಬಿಡುತ್ತಿರಲಿಲ್ಲ. ಇವತ್ತು ಶನಿವಾರ. ತಣಿಸಂದ್ರದ ನಮ್ಮ ಕ್ರಾಸಿನಲ್ಲಿ ನೀರಿನ ಟ್ಯಾಂಕರ್ ಬಂದು ಹೋಗಿದೆ, ರೂಮ್‌ಮೇಟ್ ಊರಿಗೆ ಹೋಗಿದ್ದಾನೆ, ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿಟ್ಟಿದ್ದೇನೆ. ಬರೆದೇ ಬಿಡುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಒಂದು ಲೋಟ ಚಹಾ ಇಟ್ಟುಕೊಂಡು ಕೂತುಕೊಳ್ಳಿ :-)

ನಮ್ಮದು ಬೆಟಗೇರಿ. ಗದಗಕ್ಕೆ ಅಂಟಿಕೊಂಡೇ ಇರುವ ನೇಕಾರರ ಊರು. ಬಾಸೆಲ್ ಮಿಷನ್ನಿನವರು 1841ರಲ್ಲಿ ಅಲ್ಲಿಗೆ ಬಂದರು, ಅವರ ಕಾಲದಲ್ಲಿ ಕ್ರೈಸ್ತರಾದ ಮನೆತನಗಳಲ್ಲಿ ನಮ್ಮದೂ ಒಂದು. ಈ ಬ್ಲಾಗಿನಲ್ಲಿ ಸಿನಿಮಾ, ಚಾರಣ, ಆಫೀಸಿನ ಗೋಳು ಎಲ್ಲಾ ಬರೆದಿದ್ದೇನೆ, ಇದನ್ನು ಮಾತ್ರ ಬರೆದಿರಲಿಲ್ಲ. ಮುಚ್ಚಿಡಬೇಕು ಅಂತ ಅಲ್ಲ. ಹೇಳಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ, ಅಷ್ಟೇ.

ನಮ್ಮ ಅಪ್ಪನ ಅವ್ವನನ್ನು ನಾವು ಆಯಿ ಅಂತ ಕರೆಯುತ್ತಿದ್ದೆವು. ಬೆಳಿಗ್ಗೆ ಐದಕ್ಕೆ ಎದ್ದು, ಮುಖ ತೊಳೆದು, ಪಡಸಾಲೆಯ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದಳು. ಮೊದಲು ಬೈಬಲ್, ಆಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆ, ಕೊನೆಗೆ ಒಂದು ನೋಟ್‌ಬುಕ್ಕಿನಲ್ಲಿ ಏನೋ ಎರಡು ಸಾಲು. ಇದೆಲ್ಲ ಮುಗಿದ ಮೇಲೇ ಒಲೆ. ನಾವು ಮೊಮ್ಮಕ್ಕಳು ಆ ನೋಟ್‌ಬುಕ್ಕನ್ನು ಕಿರಾಣಿ ಲೆಕ್ಕ ಅಂದುಕೊಂಡಿದ್ದೆವು.

2021ರ ಮೇ ತಿಂಗಳಲ್ಲಿ, ಕೋವಿಡ್ಡಿನ ಎರಡನೇ ಅಲೆಯಲ್ಲಿ, ಅಪ್ಪ ಹೋದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. ಆ ಹನ್ನೊಂದು ರಾತ್ರಿ ನಾನು ಪ್ರಾರ್ಥನೆ ಮಾಡಿದ ಹಾಗೆ ಅದಕ್ಕೆ ಮುಂಚೆ ಯಾವತ್ತೂ ಮಾಡಿರಲಿಲ್ಲ. ಹನ್ನೆರಡನೇ ದಿನದಿಂದ ನಿಲ್ಲಿಸಿದೆ. ದೇವರಿಲ್ಲ ಅಂತ ತೀರ್ಮಾನ ಮಾಡಿದ್ದೂ ಅಲ್ಲ, ಸಿಟ್ಟಿನಿಂದ ಜಗಳ ಆಡಿದ್ದೂ ಅಲ್ಲ. ಒಂದೇ ಮನೆಯಲ್ಲಿದ್ದುಕೊಂಡು ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ. ಅವನಿದ್ದಾನೆ, ನಾನಿದ್ದೇನೆ, ಮಾತಿಲ್ಲ.

ಆಯಿಯ ಮೇಲೆ ಮಾತ್ರ ನನಗೆ ಸಿಟ್ಟು ಬಂದಿತ್ತು. ಅಪ್ಪನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಐದಕ್ಕೆ ನೋಡಿದರೆ ಅದೇ ಕುರ್ಚಿ, ಅದೇ ಬೈಬಲ್, ಅದೇ ನೋಟ್‌ಬುಕ್. ಸತ್ತಿದ್ದು ಅವಳ ಹಿರೇ ಮಗ! ಮುದುಕಿಗೆ ಕಲ್ಲಿನ ಎದೆ ಅಂದುಕೊಂಡೆ. ದೇವರ ಮೇಲೆ ಅಷ್ಟು ಭರವಸೆ ಇರುವವರಿಗೆ ದುಃಖವೇ ಆಗಲ್ಲವೇನೋ ಅಂತಲೂ ಅನ್ನಿಸಿತು.

2023ರ ನವೆಂಬರಿನಲ್ಲಿ ಅವಳೇ ಹಾಸಿಗೆ ಹಿಡಿದಳು. ಶುಕ್ರವಾರ ರಾತ್ರಿ ಬಸ್ಸು ಹತ್ತಿ ಊರಿಗೆ ಹೋದೆ. ಭಾನುವಾರ ಸಂಜೆ ವಾಪಸ್ ಹೊರಡುವಾಗ ಹತ್ತಿರ ಕರೆದು ಕೈ ಹಿಡಕೊಂಡು ಕೇಳಿದಳು:

"ತಮ್ಮಾ, ನಿನಗೂ ದೇವರಿಗೂ ನಡುವ ಎಲ್ಲಾ ಛಲೋ ಐತಿಲ್ಲೋ?"

"ಹೂಂ ಆಯಿ, ಛಲೋ ಐತಿ" ಅಂದೆ.

ಶುದ್ಧ ಸುಳ್ಳು. ಮೂರು ವಾರಕ್ಕೆ ಆಯಿ ತೀರಿಕೊಂಡಳು. ಸಾಯುವ ಮುದುಕಿಗೆ ಸಮಾಧಾನ ಆಗಲಿ ಅಂತ ಹೇಳಿದ್ದಲ್ಲವಾ, ಬಿಡು ಅಂತ ಎಷ್ಟು ಸಲ ನನಗೆ ನಾನೇ ಹೇಳಿಕೊಂಡರೂ ಆ ಮಾತು ಹೊಟ್ಟೆಯಲ್ಲಿ ಕರಗಲಿಲ್ಲ. ಬೆಳಿಗ್ಗೆ ಮಾನ್ಯತಾ ಟೆಕ್ ಪಾರ್ಕಿನ ಗೇಟಿನ ಹತ್ತಿರ ಟ್ರಾಫಿಕ್ಕಿನಲ್ಲಿ ನಿಂತಾಗ, ರಾತ್ರಿ ಬಿಲ್ಡ್ ಮುಗಿಯಲಿ ಅಂತ ಕಾಯುತ್ತಾ ಕೂತಾಗ, ಅದೇ ಪ್ರಶ್ನೆ. ಛಲೋ ಐತಿಲ್ಲೋ?

ಆಯಿಯ ಕಪಾಟಿನಿಂದ ನನ್ನ ಪಾಲಿಗೆ ಬಂದದ್ದು ಒಂದು ಪುಸ್ತಕ ಮತ್ತು ಒಂದು ಟ್ರಂಕು. ಟ್ರಂಕಿನ ವಿಷಯ ಆಮೇಲೆ. ಪುಸ್ತಕದ ರಟ್ಟು ಕಿತ್ತುಹೋಗಿತ್ತು, ಹೆಸರು 'ಯಾತ್ರಿಕನ ಸಂಚಾರ'. ಜಾನ್ ಬನ್ಯನ್ ಅನ್ನುವವನ 'ಪಿಲ್ಗ್ರಿಮ್ಸ್ ಪ್ರೋಗ್ರೆಸ್' ಪುಸ್ತಕದ ಕನ್ನಡ. ಆಯಿಯದ್ದು ಆಮೇಲಿನ ಯಾವುದೋ ಮುದ್ರಣ, ಆದರೆ ಮೊದಲು ಇದು ಕನ್ನಡಕ್ಕೆ ಬಂದದ್ದು 1847ರಲ್ಲಿ. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಬಂದದ್ದು 1899ರಲ್ಲಿ, ಅಂದರೆ ಅದಕ್ಕಿಂತ 52 ವರ್ಷ ಮುಂಚೆಯೇ ಕನ್ನಡದಲ್ಲಿ ಅಚ್ಚಾದ ಒಂದು ದೊಡ್ಡ ಗದ್ಯಕಥೆ ಇದು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಗೊತ್ತಿರುತ್ತೆ. ನಾನು ಇಂಜಿನಿಯರಿಂಗ್ ಪ್ರಾಣಿ, ನನಗೆ ಇದೆಲ್ಲ ಹೊಸದು.

ಬನ್ಯನ್ (1628-1688) ಓದು ಕಮ್ಮಿ ಇದ್ದ ಮನುಷ್ಯ. ಇಂಗ್ಲೆಂಡಿನ ಬೆಡ್‌ಫರ್ಡ್ ಹತ್ತಿರ ಊರೂರು ತಿರುಗಿ ತೂತಾದ ಪಾತ್ರೆ ಪಗಡ ರಿಪೇರಿ ಮಾಡುತ್ತಿದ್ದವನು. ಸರ್ಕಾರಿ ಚರ್ಚಿನ ಅಪ್ಪಣೆ ಇಲ್ಲದೆ ಬೋಧನೆ ಮಾಡಿದ ಅಂತ 1660ರಲ್ಲಿ ಹಿಡಿದು ಒಳಗೆ ಹಾಕಿದರು. 'ಇನ್ನು ಮೇಲೆ ಬೋಧನೆ ಮಾಡಲ್ಲ' ಅಂತ ಒಂದು ಮಾತು ಕೊಟ್ಟಿದ್ದರೆ ಬಿಡುತ್ತಿದ್ದರು. ಕೊಡಲಿಲ್ಲ. ಹೆಂಡತಿ, ಮಕ್ಕಳು, ಅದರಲ್ಲೂ ಕಣ್ಣಿಲ್ಲದ ಒಬ್ಬ ಮಗಳನ್ನು ಬಿಟ್ಟು ಹನ್ನೆರಡು ವರ್ಷ ಜೈಲಿನಲ್ಲಿದ್ದ.

ಇವನು ಪ್ಯೂರಿಟನ್ನರ ಗುಂಪಿಗೆ ಸೇರಿದವನು. ಪ್ಯೂರಿಟನ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ನಗಲು ಬಾರದ, ಕಪ್ಪು ಬಟ್ಟೆಯ, ಮಡಿವಂತ ಜನ. ಆ ಹೆಸರೂ ಎದುರಾಳಿಗಳು ಗೇಲಿಗೆ ಇಟ್ಟದ್ದೇ. ಹಾಗಂತ ಗೇಲಿಗೆ ಕಾರಣವೇ ಇರಲಿಲ್ಲ ಅಂತಲ್ಲ. ಅಧಿಕಾರ ಕೈಗೆ ಬಂದಾಗ 1642ರಲ್ಲಿ ಲಂಡನ್ನಿನ ನಾಟಕಶಾಲೆಗಳನ್ನು ಮುಚ್ಚಿಸಿದರು, ಕ್ರಿಸ್ಮಸ್ ಹಬ್ಬವನ್ನೇ ನಿಷೇಧಿಸಿದರು. ಅಮೆರಿಕಕ್ಕೆ ಹೋದವರು 1692ರಲ್ಲಿ ಸೇಲಂ ಊರಲ್ಲಿ ಮಾಟದ ಹೆಸರಲ್ಲಿ ಹತ್ತೊಂಬತ್ತು ಜನರನ್ನು ಗಲ್ಲಿಗೆ ಹಾಕಿದರು. ಇದನ್ನು ಮುಚ್ಚಿಟ್ಟು ಅವರ ಭಕ್ತಿಯ ಬಗ್ಗೆ ಬರೆದರೆ ನೀವೇ ಕಾಮೆಂಟಿನಲ್ಲಿ ನನ್ನನ್ನು ಬಿಡಲ್ಲ :-)

ಆದರೆ ನನಗೆ ಬೇಕಾಗಿದ್ದದ್ದು ಅವರ ರಾಜಕೀಯ ಅಲ್ಲ, ಆಯಿಯ ಪ್ರಶ್ನೆಗೆ ಉತ್ತರ. ವಿಚಿತ್ರ ಏನಂದರೆ ಆ ಪ್ರಶ್ನೆ ಅವರದ್ದೇ. ನೂರು ನೂರೈವತ್ತು ವರ್ಷ ಅವರು ತಲೆ ಕೆಡಿಸಿಕೊಂಡದ್ದೆಲ್ಲ ಇದೊಂದಕ್ಕೇ: ನನಗೂ ದೇವರಿಗೂ ನಡುವೆ ಎಲ್ಲ ಸರಿ ಇದೆ ಅಂತ ನನಗೆ ಗೊತ್ತಾಗೋದು ಹೇಗೆ?

ಅವರಿಗೆ ಈ ಪ್ರಶ್ನೆ ಯಾಕೆ ಅಷ್ಟು ದೊಡ್ಡದಾಯ್ತು ಅಂದರೆ, ರಕ್ಷಣೆ ಪೂರ್ತಿ ದೇವರ ಆಯ್ಕೆ, ಮನುಷ್ಯನ ಕೈಯಲ್ಲಿ ಏನೂ ಇಲ್ಲ ಅನ್ನೋದು ಅವರ ನಂಬಿಕೆ. ಸರಿ, ಲಿಸ್ಟು ರೆಡಿ ಇದೆ. ಅದರಲ್ಲಿ ನನ್ನ ಹೆಸರು ಇದೆಯಾ ಇಲ್ಲವಾ? ಲಿಸ್ಟು ನೋಡಲು ಪರ್ಮಿಶನ್ ಇಲ್ಲ. ಪಾಪನಿವೇದನೆ ಕೇಳಿ 'ಹೋಗಪ್ಪಾ, ಕ್ಷಮಿಸಿದೆ' ಅನ್ನುವ ಪಾದ್ರಿಯ ಪದ್ಧತಿಯನ್ನೂ ಅವರು ಬಿಟ್ಟಿದ್ದರು. ಹಾಗಾಗಿ ಒಬ್ಬೊಬ್ಬರೂ ತಮ್ಮ ಮನಸ್ಸನ್ನು ತಾವೇ ತಪಾಸಣೆ ಮಾಡಿಕೊಳ್ಳಬೇಕು. ವಿಲಿಯಂ ಪರ್ಕಿನ್ಸ್ ಅನ್ನುವ ಕೇಂಬ್ರಿಜ್ ಪಂಡಿತ 1590ರ ಸುಮಾರಿಗೆ ಬರೆದ 'ಎ ಗೋಲ್ಡನ್ ಚೈನ್' ಪುಸ್ತಕದಲ್ಲಿ ಒಂದು ದೊಡ್ಡ ನಕ್ಷೆ ಇದೆ. ಮೇಲೆ ದೇವರು, ಕೆಳಗೆ ಒಂದು ಕಡೆ ಉದ್ಧಾರದ ದಾರಿ, ಇನ್ನೊಂದು ಕಡೆ ನಾಶದ ದಾರಿ, ನಡುವೆ ಗೆರೆಗಳು, ದುಂಡಗಿನ ಗೂಡುಗಳು. ಇಂಟರ್‌ನೆಟ್ಟಿನಲ್ಲಿ ನೋಡಿ ಜೋರಾಗಿ ನಕ್ಕೆ. ಪಕ್ಕಾ ಫ್ಲೋಚಾರ್ಟು!

ಪರ್ಕಿನ್ಸ್ ತೋರಿಸಿದ ಉಪಾಯವೂ ನಮ್ಮವರು ಮೆಚ್ಚುವಂಥದ್ದೇ. ನಂಬಿಕೆ ನಿಜವಾಗಿದ್ದರೆ ಬದುಕಿನಲ್ಲಿ ಫಲ ಕಾಣುತ್ತೆ. ನನ್ನಲ್ಲಿ ಫಲ ಕಾಣುತ್ತಿದೆ. ಆದ್ದರಿಂದ ನಂಬಿಕೆ ನಿಜ. ಔಟ್‌ಪುಟ್ ನೋಡಿ ಪ್ರೋಗ್ರಾಮು ಸರಿ ಇದೆ ಅಂತ ತೀರ್ಮಾನಿಸಿದ ಹಾಗೆ. ಆದರೆ ಟೆಸ್ಟಿಂಗ್ ಮಾಡಿದವರಿಗೆಲ್ಲ ಗೊತ್ತಿರುವ ಸತ್ಯ ಇದೆಯಲ್ಲ, ಹುಡುಕುತ್ತಾ ಹೋದರೆ ಬಗ್ ಸಿಕ್ಕೇ ಸಿಗುತ್ತೆ. ಪ್ರಾಮಾಣಿಕರಿಗೆ ಇನ್ನೂ ಜಾಸ್ತಿ ಸಿಗುತ್ತೆ. ದಿನಾ ತಮ್ಮ ಎದೆಯೊಳಗೆ ಇಣುಕಿ ನೋಡಿ, ಡೈರಿ ಬರೆದು, ಕಂಗಾಲಾದವರು ಅವರಲ್ಲಿ ಎಷ್ಟೋ ಮಂದಿ.

ಬನ್ಯನ್ನನೇ ಅವರಲ್ಲಿ ಒಬ್ಬ. ಜೈಲಿನಲ್ಲಿದ್ದಾಗ 1666ರಲ್ಲಿ ಹೊರಬಂದ ಅವನ ಆತ್ಮಕಥೆ ಓದಿದೆ. 'ಕ್ರಿಸ್ತನನ್ನು ಮಾರಿಬಿಡು, ಮಾರಿಬಿಡು' ಅಂತ ತಲೆಯೊಳಗೆ ಒಂದು ದನಿ ಹಗಲೂ ರಾತ್ರಿ ಅವನನ್ನು ಕಾಡುತ್ತೆ. ಕೊನೆಗೊಂದು ದಿನ ಸೋತು, ಬೇಕಾದರೆ ಹೋಗಲಿ ಅಂದುಬಿಡುತ್ತಾನೆ. ಮುಗೀತು ನನ್ನ ಕಥೆ, ಇನ್ನು ನನಗೆ ಕ್ಷಮೆ ಇಲ್ಲ ಅಂತ ವರ್ಷಗಟ್ಟಲೆ ನರಳುತ್ತಾನೆ. ಯಾತ್ರಿಕನ ಕಥೆ ಬರೆದು ನಮ್ಮ ಆಯಿಯಂಥ ಸಾವಿರಾರು ಜನಕ್ಕೆ ದಾರಿ ತೋರಿಸಿದ ಮನುಷ್ಯ ಇವನೇನಾ ಅನ್ನಿಸಿತು.

ಆಮೇಲೆ ಗೊತ್ತಾಯ್ತು, ಅವರಲ್ಲಿ ಒಳ್ಳೆಯ ಗುರುಗಳು ಈ ರೋಗವನ್ನು ಕಂಡಿದ್ದರು, ಮದ್ದನ್ನೂ ಹುಡುಕಿದ್ದರು. ರಿಚರ್ಡ್ ಸಿಬ್ಸ್ ಅನ್ನುವವನು 1630ರಲ್ಲಿ ಒಂದು ಸಣ್ಣ ಪುಸ್ತಕ ತಂದ. ಜಜ್ಜಿಹೋದ ಜೊಂಡು, ಆರುತ್ತಿರುವ ಬತ್ತಿ, ಯೆಶಾಯನ ಗ್ರಂಥದ ಈ ಎರಡು ಚಿತ್ರಗಳನ್ನು ಹಿಡಿದು ಅವನು ಹೇಳುವ ಸಾರ ಇಷ್ಟು: ಬತ್ತಿಯಲ್ಲಿ ಬರೀ ಹೊಗೆಯೇ ಕಾಣುತ್ತಿದ್ದರೂ ಸರಿ, ಬೆಂಕಿ ಇಲ್ಲದೆ ಹೊಗೆ ಬರಲ್ಲ, ದೇವರು ಅದನ್ನು ಊದಿ ಆರಿಸುವವನಲ್ಲ. 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣದಲ್ಲಿ ಇದಕ್ಕೇ ಒಂದು ಅಧ್ಯಾಯ ಇದೆ. ನಿಜವಾದ ವಿಶ್ವಾಸಿಗೂ ಭರವಸೆ ಸಿಗಲು ಬಹಳ ಕಾಲ ಹಿಡಿಯಬಹುದು, ಸಿಕ್ಕದ್ದೂ ಅಲುಗಾಡಬಹುದು, ಮಂಕಾಗಬಹುದು ಅನ್ನೋದನ್ನು ಅವರು ಅಧಿಕೃತವಾಗಿಯೇ ಒಪ್ಪಿ ಬರೆದಿಟ್ಟಿದ್ದಾರೆ. ಅಂದರೆ 'ಛಲೋ ಐತಿ' ಅಂತ ಎದೆ ತಟ್ಟಿ ಹೇಳಲು ಆಗದವನೂ ಹೊರಗಿನವನಲ್ಲ.

ಇನ್ನೊಬ್ಬ ಜಾನ್ ಓವೆನ್. ಇವನ ಇಂಗ್ಲಿಷು ಮಾತ್ರ ಕಬ್ಬಿಣದ ಕಡಲೆ, ಒಂದು ವಾಕ್ಯ ಶುರುವಾದರೆ ಪುಟದ ಕೊನೆಗೆ ಮುಗಿಯುತ್ತೆ. 1657ರಲ್ಲಿ ದೇವರ ಜೊತೆಗಿನ ಅನ್ಯೋನ್ಯತೆಯ ಬಗ್ಗೆಯೇ ಒಂದು ಪುಸ್ತಕ ಬರೆದಿದ್ದಾನೆ. ತಂದೆಯ ಜೊತೆ ಪ್ರೀತಿಯಲ್ಲಿ, ಮಗನ ಜೊತೆ ಕೃಪೆಯಲ್ಲಿ, ಪವಿತ್ರಾತ್ಮನ ಜೊತೆ ಸಾಂತ್ವನದಲ್ಲಿ, ಹೀಗೆ ಮೂವರ ಜೊತೆಗೂ ಬೇರೆ ಬೇರೆಯಾಗಿ ಒಡನಾಡಬಹುದು ಅಂತಾನೆ. ಅವನ ಬರಹದಲ್ಲಿ ನನಗೆ ದಕ್ಕಿದ್ದು ಒಂದು ವ್ಯತ್ಯಾಸ. ದೇವರ ಜೊತೆ ಐಕ್ಯ ಬೇರೆ, ಅವನ ಜೊತೆ ಒಡನಾಟ ಬೇರೆ. ಐಕ್ಯ ದೇವರು ಮಾಡಿದ್ದು, ಅದು ಏರಲ್ಲ, ಇಳಿಯಲ್ಲ. ಒಡನಾಟ ದಿನಕ್ಕೊಂದು ಥರ. ನಮ್ಮ ಬಿಲ್ಡಿಂಗಿನ ಬೇಸ್‌ಮೆಂಟಿಗೆ ಇಳಿದರೆ ಮೊಬೈಲಿನಲ್ಲಿ ಸಿಗ್ನಲ್ ಸತ್ತುಹೋಗುತ್ತೆ. ಆದರೆ ಸಿಮ್ ನನ್ನ ಹೆಸರಲ್ಲೇ ಇರುತ್ತೆ, ನಂಬರೂ ನನ್ನದೇ. ಓವೆನ್ನನ ಮುನ್ನೂರು ಪುಟವನ್ನು ಹೀಗೆ ಎರಡು ಸಾಲಿಗೆ ಇಳಿಸಿದ್ದಕ್ಕೆ ಪಂಡಿತರು ಕ್ಷಮಿಸಬೇಕು.

ಇವರೆಲ್ಲ ಎಲ್ಲಿಯವರೋ, ಬೆಟಗೇರಿಗೆ ಏನು ಸಂಬಂಧ ಅಂತ ಕೇಳಬಹುದು. ನಾನೂ ಕೇಳಿಕೊಂಡೆ. ಬಾಸೆಲ್ ಮಿಷನ್ನಿನವರು ಜರ್ಮನಿ, ಸ್ವಿಟ್ಜರ್ಲೆಂಡಿನ ಪಯಟಿಸ್ಟ್ ಭಕ್ತಿಪಂಥದವರು, ಪ್ಯೂರಿಟನ್ನರಲ್ಲ. ಆದರೆ ಪ್ಯೂರಿಟನ್ನರ ಪುಸ್ತಕಗಳು ಜರ್ಮನ್ನಿಗೆ ಅನುವಾದವಾಗಿ ಆ ಪಂಥಕ್ಕೆ ನೀರೆರೆದಿದ್ದವು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಷನ್ನು ಮುಂದೆ ಬನ್ಯನ್ನನನ್ನು ಕನ್ನಡಕ್ಕೆ ತಂದದ್ದು ಹಾಗೆ. ಈ ಕಡೆ ಬಳ್ಳಾರಿ, ಬೆಂಗಳೂರಿಗೆ ಬಂದವರ ಸಂಬಂಧ ಇನ್ನೂ ಹತ್ತಿರದ್ದು. 1795ರಲ್ಲಿ ಶುರುವಾದ ಲಂಡನ್ ಮಿಷನರಿ ಸೊಸೈಟಿಯಲ್ಲಿ ಹೆಚ್ಚಿನವರು ಕಾಂಗ್ರಿಗೇಶನಲ್ ಸಭೆಯವರು, ಅಂದರೆ ಓವೆನ್ ಇದ್ದ ಕವಲಿನ ನೇರ ವಾರಸುದಾರರು. ಆ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲ್ಲಿನ ಕೆಲಸಕ್ಕೆ ಕೂತರು, ಪೂರ್ತಿ ಬೈಬಲ್ ಬಂದದ್ದು 1831ರಲ್ಲಿ. ಬೆಂಗಳೂರಿನಲ್ಲಿ ಸುಮಾರು ಐವತ್ತು ವರ್ಷ ದುಡಿದ ಬೆಂಜಮಿನ್ ರೈಸ್ ಅದೇ ಸೊಸೈಟಿಯವರು. 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳನ್ನು ತಂದ ನಮ್ಮ ಶಾಸನಗಳ ಬಿ.ಎಲ್. ರೈಸ್ ಇದ್ದಾರಲ್ಲ, ಅವರ ಅಪ್ಪ. ಅವೆನ್ಯೂ ರಸ್ತೆಯ ಪುಸ್ತಕದಂಗಡಿಗಳ ಗದ್ದಲದ ನಡುವೆ ಅವರ ಹೆಸರಿನ ರೈಸ್ ಮೆಮೋರಿಯಲ್ ಚರ್ಚು ಇದೆ, ಕನ್ನಡದ ಚರ್ಚು. ಕಾಲೇಜಿನಲ್ಲಿ ಸೆಕೆಂಡ್ ಹ್ಯಾಂಡ್ ಪುಸ್ತಕ ಕೊಳ್ಳಲು ಅದರ ಮುಂದೆ ಎಷ್ಟು ಸಲ ಓಡಾಡಿದ್ದೇನೋ, ಒಳಗೆ ಹೋಗಿರಲಿಲ್ಲ. ಕಳೆದ ತಿಂಗಳು ಒಂದು ಭಾನುವಾರ ಹೋಗಿ ಕೊನೇ ಬೆಂಚಿನಲ್ಲಿ ಕೂತು ಬಂದೆ. ಏನೂ ಆಗಲಿಲ್ಲ. ಕೂತಿದ್ದೆ ಅಷ್ಟೇ.

ಇನ್ನೊಂದು ಮಾತು ಇಲ್ಲಿ ಹೇಳಬೇಕು. ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯ ಲಿಂಗಾಯತ ಅಜ್ಜಿಯೂ ಬೆಳಿಗ್ಗೆ ಐದಕ್ಕೇ ಏಳುತ್ತಿದ್ದಳು. ಅಂಗೈ ಮೇಲೆ ಇಷ್ಟಲಿಂಗ ಇಟ್ಟುಕೊಂಡು ಕಣ್ಣು ನೆಟ್ಟು ಕೂರುತ್ತಿದ್ದಳು. ನಡುವೆ ಪೂಜಾರಿ ಇಲ್ಲ, ಗುಡಿ ಇಲ್ಲ. ಹನ್ನೆರಡನೇ ಶತಮಾನದ ಶರಣರು ದೇವರನ್ನು ಗಂಡ ಅಂದರು, ತಮ್ಮನ್ನು ಹೆಂಡತಿ ಅಂದರು. ಪ್ಯೂರಿಟನ್ನರೂ ಕ್ರಿಸ್ತನನ್ನು ವರ, ಆತ್ಮವನ್ನು ವಧು ಅಂತಲೇ ಬರೆದರು. ಬಸವಣ್ಣನವರು ತಮ್ಮ ಮನಸ್ಸನ್ನು ತಾವೇ ಬೈದುಕೊಳ್ಳುವ ವಚನಗಳನ್ನು ಓದಿದವರಿಗೆ ಬನ್ಯನ್ನನ ಆತ್ಮಕಥೆ ಪರಕೀಯ ಅನ್ನಿಸಲ್ಲ. ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತಂದಾಗ ಯುರೋಪಿನ ಪ್ರಾಟೆಸ್ಟೆಂಟ್ ಚಳವಳಿಯ ಜೊತೆ ಹೋಲಿಕೆಯನ್ನು ಅವರೂ ಗುರುತಿಸಿದ್ದರು. ಎರಡೂ ಒಂದೇ ಅಂತ ಹೇಳುತ್ತಿಲ್ಲ. ನಾಮಪಟ್ಟಿಯ ಆ ಭಯ ಶರಣರಲ್ಲಿಲ್ಲ, ಹುಟ್ಟುಸಾವಿನ ಲೆಕ್ಕವೂ ಬೇರೆ. ಆದರೆ ಗೋಡೆಯ ಆ ಕಡೆ ಈ ಕಡೆ ಇಬ್ಬರು ಮುದುಕಿಯರು ಒಂದೇ ಹೊತ್ತಿಗೆ ಎದ್ದು ಒಬ್ಬೊಬ್ಬರೇ ದೇವರೆದುರು ಕೂರುತ್ತಿದ್ದದ್ದು ನಾನು ಕಣ್ಣಾರೆ ಕಂಡದ್ದು.

ಈಗ ಟ್ರಂಕು. ಅದನ್ನು ತೆಗೆಯಲು ನನಗೆ ಬಹಳ ತಿಂಗಳು ಹಿಡಿಯಿತು. ಒಳಗಿದ್ದದ್ದು ಆಯಿಯ ನೋಟ್‌ಬುಕ್ಕುಗಳು, ವರ್ಷಕ್ಕೊಂದು. ಕಿರಾಣಿ ಲೆಕ್ಕ ಅಲ್ಲ. ದಿನಕ್ಕೆ ಒಂದೋ ಎರಡೋ ಸಾಲು. ಇವತ್ತು ಮನಸು ಹಗುರಾತು. ಇವತ್ತು ಸೊಸಿ ಮ್ಯಾಲೆ ಸಿಟ್ಟು ಮಾಡಿದೆ, ತಪ್ಪು. ಹೀಗೆ. ಡೈರಿ ಬರೆಯುವ ಆ ಹಳೇ ಅಭ್ಯಾಸ ಎಲ್ಲೆಲ್ಲೋ ಸುತ್ತಿ ಬೆಟಗೇರಿಯ ನಮ್ಮ ಪಡಸಾಲೆಗೆ ಬಂದು ಕೂತಿತ್ತು.

2021ರದ್ದನ್ನು ಹುಡುಕಿ ತೆಗೆದೆ. ಅಪ್ಪ ಹೋದ ದಿನ ಖಾಲಿ. ಮಣ್ಣು ಮಾಡಿದ ಮರುದಿನ, ಯಾವ ದಿನ ನಾನು ಅವಳಿಗೆ ಕಲ್ಲಿನ ಎದೆ ಅಂದುಕೊಂಡೆನೋ ಆ ದಿನ, ಒಂದೇ ಸಾಲು: 'ಕುಂತೆ. ಮಾತು ಬರಲಿಲ್ಲ.'

ಅದರ ಮರುದಿನವೂ ಅದೇ. ಅದರ ಮರುದಿನವೂ. ಜೂನ್, ಜುಲೈ, ಆಗಸ್ಟ್. 'ಕುಂತೆ. ಮಾತು ಬರಲಿಲ್ಲ.' ಪುಟ ತಿರುಗಿಸುತ್ತಾ ಹೋದೆ. ಡಿಸೆಂಬರ್ ಮಧ್ಯದವರೆಗೂ ಅದೇ ಸಾಲು. ಏಳು ತಿಂಗಳು ಆಯಿ ಬೆಳಿಗ್ಗೆ ಐದಕ್ಕೆ ಎದ್ದು ಆ ಕುರ್ಚಿಯಲ್ಲಿ ಕೂತು ಒಂದು ಮಾತೂ ಆಡದೆ ಎದ್ದಿದ್ದಳು. ನಮಗೆಲ್ಲ ಅದು ಪ್ರಾರ್ಥನೆ ಅಂತ ಕಂಡಿತ್ತು. ಈಗ ಅನ್ನಿಸುತ್ತೆ, ಪ್ರಾರ್ಥನೆಯೇ ಇತ್ತೇನೋ. ನನಗೂ ಮಾತು ಬಂದಿರಲಿಲ್ಲ, ಅವಳಿಗೂ ಬಂದಿರಲಿಲ್ಲ. ನಾನು ಎದ್ದು ಹೋದೆ, ಅವಳು ಕೂತಿದ್ದಳು. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಇಷ್ಟೇ.

ಕೊನೇ ನೋಟ್‌ಬುಕ್ಕು 2023ರದ್ದು. ಅಕ್ಷರ ಸೊಟ್ಟಗಾಗಿದ್ದವು. ನಾನು ಊರಿಂದ ಹೊರಟ ಆ ಭಾನುವಾರದ ತಾರೀಖಿನ ಕೆಳಗೆ ಹೀಗಿತ್ತು: 'ತಮ್ಮ ಬಂದಿದ್ದ. ಕೇಳಿದೆ. ಛಲೋ ಐತಿ ಅಂದ. ಮಂದಿ ಕೇಳಿದಾಗ ನಾ ಅಂದಂಗ ಅಂದ.'

ಆ ಸಾಲು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅಪ್ಪ ಹೋದ ಮೇಲೆ ಸಭೆಯವರು, ಅಯ್ಯನವರು, ನೆಂಟರು ಬಂದು ಕೇಳಿದಾಗಲೆಲ್ಲ ಆಯಿ ಹೇಳುತ್ತಿದ್ದದ್ದು ಅದೇ ಮಾತು, 'ಛಲೋ ಐತಿ.' ಸುಳ್ಳು ಹೇಗಿರುತ್ತೆ ಅಂತ ಅವಳಿಗೆ ಗೊತ್ತಿತ್ತು.

ಬನ್ಯನ್ ಮತ್ತೆ 1684ರಲ್ಲಿ ಯಾತ್ರಿಕನ ಕಥೆಯ ಎರಡನೇ ಭಾಗ ತಂದ. ಅದರಲ್ಲಿ ಒಬ್ಬ ಹೆದರುಪುಕ್ಕಲ ಬರುತ್ತಾನೆ, ಇಂಗ್ಲಿಷಿನಲ್ಲಿ ಅವನ ಹೆಸರು ಮಿಸ್ಟರ್ ಫಿಯರಿಂಗ್. ದಾರಿಯುದ್ದಕ್ಕೂ ಅವನಿಗೆ ಸಿಂಹದ ಭಯ ಇಲ್ಲ, ಬೆಟ್ಟದ ಭಯ ಇಲ್ಲ. ಇರುವುದು ಒಂದೇ ಭಯ: ಕೊನೆಗೆ ನನ್ನನ್ನು ಒಳಗೆ ಸೇರಿಸುತ್ತಾರೋ ಇಲ್ಲವೋ. ಕೊನೆಯಲ್ಲಿ ಸಾವಿನ ಹೊಳೆ ದಾಟಬೇಕು. ಮೊದಲ ಭಾಗದ ಕಥಾನಾಯಕನೇ ಆ ಹೊಳೆಯಲ್ಲಿ ಮುಳುಗಲು ಹತ್ತಿ, ಜೊತೆಗಿದ್ದವನು ತಲೆ ಎತ್ತಿ ಹಿಡಿದು ದಾಟಿಸಿರುತ್ತಾನೆ. ಈ ಹೆದರುಪುಕ್ಕಲ ಬಂದ ದಿನ ಮಾತ್ರ ಹೊಳೆಯ ನೀರು ಯಾವತ್ತೂ ಇಲ್ಲದಷ್ಟು ಇಳಿದಿತ್ತಂತೆ. ಪಾದ ನೆನೆಯುವಷ್ಟೇ ನೀರಲ್ಲಿ ದಾಟಿ ಹೋದನಂತೆ. ಹೊಸಗನ್ನಡಕ್ಕೆ ಈ ಎರಡನೇ ಭಾಗವನ್ನು ಯಾರಾದರೂ ಚೆನ್ನಾಗಿ ತಂದರೆ ಮೊದಲ ಗಿರಾಕಿ ನಾನೇ.

ಈಗ ನಾನು ಭಕ್ತನಾಗಿಬಿಟ್ಟೆ ಅಂತೇನೂ ತಿಳಿಯಬೇಡಿ. ಅಪ್ಪನ ವಿಷಯಕ್ಕೆ ನನಗೆ ಇನ್ನೂ ಉತ್ತರ ಸಿಕ್ಕಿಲ್ಲ, ಪ್ಯೂರಿಟನ್ನರ ಫ್ಲೋಚಾರ್ಟು ಒಪ್ಪಿಗೆಯೂ ಆಗಿಲ್ಲ. ಆದರೆ ಕೆಲವು ವಾರಗಳಿಂದ ಬೆಳಿಗ್ಗೆ ಐದೂವರೆಗೆ ಅಲಾರಾಂ ಇಟ್ಟಿದ್ದೇನೆ. ಆ ಹೊತ್ತಿಗೆ ತಣಿಸಂದ್ರದಲ್ಲಿ ಮಸೀದಿಯ ಆಜಾನ್ ಕೇಳುತ್ತೆ, ಸ್ವಲ್ಪ ಹೊತ್ತಿಗೆ ದೇವಸ್ಥಾನದ ಮೈಕು, ಆಮೇಲೆ ಹಾಲಿನವನ ಗಾಡಿ. ಬಾಲ್ಕನಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹತ್ತು ನಿಮಿಷ ಕೂರುತ್ತೇನೆ. ಒಂದು ನೋಟ್‌ಬುಕ್ಕೂ ತಂದಿದ್ದೇನೆ. ಅದರಲ್ಲಿ ಇವತ್ತಿನವರೆಗೆ ಬರೆದಿರುವುದು ಒಂದೇ ಸಾಲು, ದಿನಾ ಅದೇ ಸಾಲು. ಯಾವುದು ಅಂತ ನಿಮಗೆ ಗೊತ್ತು.

ನಿಮ್ಮ ಮನೆಯಲ್ಲೂ ಹೀಗೆ ಐದಕ್ಕೆ ಎದ್ದು ಕೂರುವ ಅಜ್ಜಿ ಇದ್ದರೆ ಅವರ ಬಗ್ಗೆ ಬರೆಯಿರಿ, ಓದುತ್ತೇನೆ. ಸಾಧ್ಯವಾದರೆ ಅವರು ಇರುವಾಗಲೇ ಒಂದು ಸಲ ಕೇಳಿ ನೋಡಿ, ಎಲ್ಲಾ ಛಲೋ ಐತಿಲ್ಲೋ ಅಂತ. ನಾನು ಆಯಿಯನ್ನು ಅದನ್ನು ತಿರುಗಿ ಕೇಳಲೇ ಇಲ್ಲ.